ದೇವರ ಪಟದ ಪಕ್ಕ ಒಂದು ಪಿಸ್ಟನ್

ನಮ್ಮ ಭಾವನ ಎಡಗೈಯ ಒಳಮಗ್ಗುಲಲ್ಲಿ, ಮಣಿಕಟ್ಟಿನಿಂದ ಒಂದು ಗೇಣು ಮೇಲೆ, ಬಸವನಹುಳುವಿನ ಆಕಾರದ ಸುಟ್ಟ ಕಲೆಯಿತ್ತು. ಟರ್ಬೊ ಎಂಬ ಯಂತ್ರದ ಮೈಯೇ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರುತ್ತದೆ. ಕಾದ ಟರ್ಬೊ ಅವರ ಚರ್ಮದ ಮೇಲೆ ತನ್ನ ಮುದ್ರೆಯನ್ನು ಹಾಗೆಯೇ ಒತ್ತಿತ್ತು. ಅಕ್ಕ ಮುಲಾಮು ತಂದರೆ ಹಚ್ಚಿಸಿಕೊಳ್ಳಲಿಲ್ಲವಂತೆ. "ಇರ್ಲಿ ಬುಡು, ಇದು ಮಾಸ್ಬಾರ್ದು" ಅಂದರಂತೆ. ಬೇರೆಯವರಾದರೆ ಉದ್ದ ತೋಳಿನ ಅಂಗಿ ತೊಟ್ಟು ಮುಚ್ಚಿಕೊಳ್ಳುವಂಥ ಕಲೆ. ಭಾವ ಮದುವೆ ಮನೆಗೆ ಹೋದರೂ ತೋಳು ಮಡಚಿಯೇ ಕೂರುತ್ತಿದ್ದರು.

ಹಗೆ ಸಾಧಿಸುವುದರಲ್ಲಿ ಅವರಿಗೆ ಸಾಟಿಯಾದವರನ್ನು ನಾನು ನೋಡಿಲ್ಲ. ಹಾರೋಹಳ್ಳಿ ಸರ್ಕಲ್ಲಿನ ಟೀ ಅಂಗಡಿಯವನು ಯಾವತ್ತೋ "ಮೊದ್ಲು ಕೈ ತೊಳ್ಕೊಂಡು ಬಾ" ಅಂದನೆಂದು ಅವನ ಅಂಗಡಿಯ ಮುಂದಿನ ರಸ್ತೆಯನ್ನೇ ಬಿಟ್ಟು, ಸುತ್ತು ಬಳಸಿ, ಬಿಸಿಲಲ್ಲಿ ನಡೆದು, ಕೆಟ್ಟ ಟೀ ಕೊಡುವ ಇನ್ನೊಂದು ಅಂಗಡಿಗೆ ಹೋಗುತ್ತಿದ್ದರು. ಜೊತೆಗೆ ಹೋದ ತಪ್ಪಿಗೆ ನಾನೂ ಆ ಕಲಗಚ್ಚನ್ನೇ ಕುಡಿಯಬೇಕು. ಅವರ ಊರಾದ ಕಲ್ಯದಲ್ಲಿ ದೊಡ್ಡಪ್ಪನ ಮಗನೊಬ್ಬ ಊಟದ ಪಂಕ್ತಿಯಲ್ಲಿ ಇವರಿಗೆ ಜಾಗ ಬಿಡಲಿಲ್ಲವಂತೆ. ಆಮೇಲೆ ಆ ಮನೆಯ ಯಾವ ಶುಭಕಾರ್ಯಕ್ಕೂ ಭಾವ ಎಲೆಯ ಮುಂದೆ ಕೂರಲಿಲ್ಲ. ಹೋಗುವುದು ಹೋಗುತ್ತಿದ್ದರು, ಮುಯ್ಯಿ ಹಾಕುತ್ತಿದ್ದರು, ಎಲ್ಲರೂ ಉಣ್ಣುವಾಗ ಬಾಗಿಲಲ್ಲೇ ನಿಂತಿರುತ್ತಿದ್ದರು. ಕರೆದವರಿಗೆ ಅನ್ನ ಗಂಟಲಲ್ಲಿ ಇಳಿಯಬಾರದು, ಅದು ಅವರ ಲೆಕ್ಕ.

ಎಂಜಿನ್ನುಗಳ ಸದ್ದಿನಲ್ಲಿ ಅವರ ಎಡಗಿವಿ ಹೋಗಿತ್ತು. ಬಲಗಿವಿಯೂ ಅಷ್ಟಕ್ಕಷ್ಟೆ. ಅವರ ಹತ್ತಿರ ಗುಟ್ಟು ಹೇಳುವುದು ಸಾಧ್ಯವೇ ಇರಲಿಲ್ಲ. ಅಕ್ಕ ಗಂಡನಿಗೆ ಉಪ್ಪು ಮುಗಿದಿದೆ ಎಂದು ಹೇಳಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಆಗ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ ದಿನೇ ದಿನೇ ಹಬ್ಬುತ್ತಿತ್ತು. ರಾಗಿ ಹೊಲಗಳ ನಡುವೆ ತಗಡಿನ ದೊಡ್ಡ ದೊಡ್ಡ ಶೆಡ್ಡುಗಳೆದ್ದಿದ್ದವು. ಅಂಥದ್ದೊಂದರಲ್ಲಿ ನಾನು ಲೇತ್ ಮೇಲೆ ಕೆಲಸಕ್ಕಿದ್ದೆ, ಅಕ್ಕನ ಮನೆಯಲ್ಲೇ ಉಳಿದಿದ್ದೆ. ಮನೆಗೆ ಅಂಟಿಕೊಂಡಂತೆ ಭಾವನ ಗ್ಯಾರೇಜು. ಟ್ರಾಕ್ಟರ್ ರಿಪೇರಿಯಿಂದ ಶುರುಮಾಡಿದ ಮನುಷ್ಯ ಅಷ್ಟರಲ್ಲಿ ಕಾರುಗಳಿಗೆ, ಎಂಜಿನ್ನಿಗೆ ಹೆಚ್ಚು ಗಾಳಿ ನೂಕಿ ವೇಗ ಏರಿಸುವ ಟರ್ಬೊ ಕೂರಿಸುವುದರಲ್ಲಿ ಹೆಸರು ಮಾಡಿದ್ದರು. ಕನಕಪುರ ರಸ್ತೆಯಲ್ಲಿ ಗಾಡಿ ಓಡಿಸುವ ಶೋಕಿಯಿದ್ದ ಬೆಂಗಳೂರಿನ ಕೆಲವರು ಹುಡುಕಿಕೊಂಡು ಬರುತ್ತಿದ್ದರು. ಶಿಫ್ಟ್ ಮುಗಿಸಿ ಬಂದ ನಾನು ಕೈ ತೊಳೆಯದೆ ಅಲ್ಲೇ ನಿಲ್ಲುತ್ತಿದ್ದೆ. ಮೊದಮೊದಲು ನೋಡುವುದಕ್ಕೆ, ಆಮೇಲೆ ಕಲಿಯುವುದಕ್ಕೆ.

ಕಲಿಸುವಾಗಲೂ ಅವರು ಬೈದೇ ಕಲಿಸುತ್ತಿದ್ದರು. ಕಾರಿನ ಕಂಪ್ಯೂಟರಿಗೆ ಕೇಬಲ್ ಹಾಕಿ ಲ್ಯಾಪ್‌ಟಾಪಿನಲ್ಲಿ ಅಂಕಿ ಬದಲಿಸುವುದು ನನಗೆ ಆಟದಂತೆ ಕಂಡಿತ್ತು. ಒಮ್ಮೆ ಪೆಟ್ರೋಲಿನ ಅಂಕಿಯನ್ನು ಏರಿಸುತ್ತ ಏರಿಸುತ್ತ ಹೋದೆ. ಕೈಮೇಲೆ ಛಟ್ಟನೆ ಏಟು ಬಿತ್ತು.

"ಲೇ ಬಾಮೈದ, ಡ್ಯೂಟಿ ನೋಡ್ದೇನ್ಲಾ?"

"ಯಾವ ಡ್ಯೂಟಿ ಭಾವ?"

"ಇಂಜೆಕ್ಟರ್ ಡ್ಯೂಟಿ ಕಣ್ಲಾ. ನಿನ್ ಫ್ಯಾಕ್ಟ್ರಿ ಡ್ಯೂಟಿ ಅಲ್ಲ."

ಇಂಜೆಕ್ಟರ್ ಎಂದರೆ ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಬೆರಳುದ್ದದ ಕವಾಟ. ಎಂಜಿನ್ ತಿರುಗುವಾಗ ಪ್ರತಿ ಸರದಿಯಲ್ಲೂ ಅದು ಒಮ್ಮೆ ತೆರೆದು ಮುಚ್ಚಿಕೊಳ್ಳಬೇಕು. ಆ ಸರದಿಯ ಸಮಯದಲ್ಲಿ ನೂರಕ್ಕೆ ಎಷ್ಟು ಪಾಲು ಅದು ತೆರೆದೇ ಇತ್ತು ಎಂಬುದಕ್ಕೆ ಡ್ಯೂಟಿ ಸೈಕಲ್ ಎನ್ನುತ್ತಾರೆ. ಭಾವ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ ಒತ್ತಿ, ಹಿಡಿಯನ್ನು ನನ್ನ ಕಿವಿಗೆ ಇಟ್ಟರು. ಒಳಗೆ ಟಕಟಕ ಟಕಟಕ ಅನ್ನುತ್ತಿತ್ತು.

"ತಕ್ಕತಾ ಮುಚ್ಕತಾ ಐತೆ, ಅದ್ಕೇ ಸದ್ದು. ತ್ವಾಟಕ್ಕೆ ನೀರು ಕಟ್ಟಿಲ್ವಾ ನೀನು? ಮಡೆ ಅರ್ಧ ತಗುದ್ರೆ ಅರ್ಧ ನೀರು, ಪೂರ್ತಿ ತಗುದ್ರೆ ಪೂರ್ತಿ ನೀರು. ಪೂರ್ತಿ ತಗುದ್ ಮ್ಯಾಲೆ ಇನ್ನೂ ಬೇಕು ಅಂದ್ರೆ ಎಲ್ಲಿಂದ ತಂದೀಯ? ಎಂಜಿನ್ ಜೋರಾದಂಗೆ ಸರದಿ ಗಿಡ್ಡ ಆಯ್ತದೆ. ಟರ್ಬೊ ಗಾಳಿ ತುಂಬ್ದಂಗೆ ಪೆಟ್ರೋಲ್ ಜಾಸ್ತಿ ಬೇಕಾಯ್ತದೆ. ಎಂಬತ್ತೈದಕ್ಕೆ ನಿಂತ್ಕೋಬೇಕು. ಮಿಕ್ಕಿದ್ದು ಅದು ಮುಚ್ಕಳಕ್ಕೆ ಬುಡ್ಬೇಕು."

"ನೂರಕ್ಕೆ ಹೋದರೆ?"

ಭಾವ ಕಲೆಯಿದ್ದ ಕೈ ಎತ್ತಿ ಗೋಡೆಯ ಕಡೆ ತೋರಿಸಿದರು.

ಗ್ಯಾರೇಜಿನ ಗೋಡೆಯಲ್ಲಿ ಕಬ್ಬಾಳಮ್ಮನ ಪಟ, ಅದರ ಮುಂದೆ ದೀಪ. ಪಟದ ಪಕ್ಕದಲ್ಲಿ ಒಂದು ಪಿಸ್ಟನ್. ಅದರ ತಲೆಯ ಒಂದು ಅಂಚು ಮೇಣದಂತೆ ಕರಗಿ ಇಳಿದು, ಹೆಬ್ಬೆರಳು ತೂರುವಷ್ಟು ತೂತಾಗಿತ್ತು. ಆಯುಧಪೂಜೆಯ ದಿನ ಸ್ಪ್ಯಾನರು, ಜಾಕು, ಲ್ಯಾಪ್‌ಟಾಪು ಎಲ್ಲಕ್ಕೂ ಅಕ್ಕ ಕುಂಕುಮ ಇಡುವಾಗ ಭಾವ ಮರೆಯದೆ ಹೇಳುತ್ತಿದ್ದರು, "ಅದ್ಕೂ ಒಂದ್ ಬೊಟ್ಟಿಕ್ಕು." ಇದು ಯಾರ ಎಂಜಿನ್ನಿನದು ಎಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಟೀ ಅಂಗಡಿಯವನ ಒಂದು ಮಾತನ್ನು ನೂರು ಸಲ ಹೇಳಿ ಬೈಯುವ ಮನುಷ್ಯ ಈ ವಿಷಯ ಬಂದರೆ ಮಾತ್ರ ಎದ್ದು ಹೋಗುತ್ತಿದ್ದರು. ಕೊನೆಗೆ ಹೇಳಿದ್ದು ಅಕ್ಕ.

ಗ್ಯಾರೇಜು ಶುರುವಾದಾಗ ಭಾವನಿಗೊಬ್ಬ ಪಾಲುದಾರನಿದ್ದ, ಕನಕಪುರದ ಕಡೆಯವನು. ಮಾತಿನ ಮಲ್ಲ. ಭಾವ ಕಾರಿನ ಕೆಳಗೆ, ಅವನು ಗಿರಾಕಿಗಳ ಜೊತೆ. ಇಬ್ಬರೂ ಸೇರಿ ಒಂದು ಕಾರನ್ನು ಓಟಕ್ಕೆ ತಯಾರು ಮಾಡಿದರು. ಹಳೆಯ ವಿಮಾನಪಟ್ಟಿಯೊಂದರಲ್ಲಿ ನೇರ ಗೆರೆಯ ಓಟ ನಡೆಯುತ್ತಿತ್ತು. ಅಲ್ಲಿ ಗೆದ್ದವನ ಗ್ಯಾರೇಜಿಗೆ ಊರೆಲ್ಲ ಸಾಲುಗಟ್ಟುತ್ತಿತ್ತು. ಭಾವ ಡ್ಯೂಟಿಯನ್ನು ಎಂಬತ್ತೈದರೊಳಗೆ ನಿಲ್ಲಿಸಿದ್ದರು. ಟರ್ಬೊ ಎಷ್ಟು ಗಾಳಿ ನೂಕಬೇಕೆಂದು ಮಿತಿ ಹಾಕುವ ಕಡ್ಡಿಯೊಂದಿರುತ್ತದೆ, ಅದರ ತುದಿಗೊಂದು ನಟ್ಟು. ಆ ನಟ್ಟು ಕದಲಬಾರದೆಂದು ಅಕ್ಕನ ಕೆಂಪು ನೇಲ್ ಪಾಲಿಶ್ ಇಸಿದುಕೊಂಡು ಅದರ ಮೇಲೆ ಒಂದು ಗೆರೆ ಎಳೆದಿದ್ದರು.

ಓಟದ ದಿನ ಗಾಡಿ ತನ್ನ ಕೈಲಿದ್ದಾಗ ಪಾಲುದಾರ, ಭಾವನಿಗೆ ತಿಳಿಯದಂತೆ, ಆ ನಟ್ಟು ತಿರುಗಿಸಿ ಗಾಳಿ ಏರಿಸಿದ. ಗೆಲ್ಲುವ ಆಸೆ. ಗಾಳಿ ಏರಿತು, ಇಂಜೆಕ್ಟರು ಪೂರ್ತಿ ತೆರೆದೇ ನಿಂತಿತು, ಇನ್ನು ಕೊಡಲು ಅದರ ಹತ್ತಿರ ಪೆಟ್ರೋಲಿರಲಿಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಹೋದರೆ ಎಂಜಿನ್ನಿನ ಒಳಗೆ ಬೆಂಕಿಯ ಕಾವು ವಿಪರೀತವಾಗುತ್ತದೆ. ಎಲ್ಲರ ಕಣ್ಣೆದುರು ಪಿಸ್ಟನ್ ಕರಗಿ ಗಾಡಿ ಹೊಗೆಯೆಬ್ಬಿಸಿ ನಿಂತಿತು. ಭಾವ ಓಡಿಹೋಗಿ, ಕಾದ ಎಂಜಿನ್ನಿನ ಸಂದಿಯಲ್ಲಿ ಕೈ ತೂರಿಸಿ ಆ ನಟ್ಟನ್ನೇ ತಡಕಿದರು. ಕೆಂಪು ಗೆರೆ ಎರಡು ತುಂಡಾಗಿ, ಒಂದು ಅತ್ತ ಒಂದು ಇತ್ತ ಇತ್ತು. ಕೈ ಸುಟ್ಟಿದ್ದು ಆಗಲೇ.

ಪಾಲುದಾರ ಎಲ್ಲರ ಮುಂದೆ, "ಅಂಕಿ ಹಾಕ್ದೋನು ಇವ್ನು, ಎಂಜಿನ್ ಸುಟ್ಟೋನೂ ಇವ್ನೇ, ಈಗ ನಟ್ಟಿನ ಕತೆ ಕಟ್ತಾವ್ನೆ" ಅಂದುಬಿಟ್ಟ. ನಟ್ಟನ್ನು ತಿರುಗಿಸಿದ್ದೂ ನೀನೇ ಇರಬೇಕು ಅಂದ. ಜನ ಮಾತುಗಾರನನ್ನು ನಂಬಿದರು.

ಭಾವ ಇಲ್ಲಿ ಒಂದು ದೊಡ್ಡ ತಪ್ಪು ಮಾಡಿದರು. ಕಬ್ಬಾಳಿನ ಕಡೆಯವರಲ್ಲದೆ ಬೇರೆ ಯಾರೂ ಮಾಡಲಾರದಂಥ ತಪ್ಪು. "ಕಬ್ಬಾಳಿಗೆ ಬಾ, ಅವ್ವನ ಮುಂದೆ ಕರ್ಪೂರ ಆರ್ಸು" ಅಂದರು. ಹೊತ್ತಿಸಿದ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡುವುದು. ಅವನು ಹೆದರಿ ಹಿಂದೆಗೆಯುತ್ತಾನೆಂದು ಭಾವನ ನಂಬಿಕೆ. ಅವನು ಹೆದರಲಿಲ್ಲ. ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಬಂದು, ದೊಡ್ಡವರ ಎದುರು, "ನಟ್ಟು ನಾನು ಮುಟ್ಟಿಲ್ಲ" ಎಂದು ಹೇಳಿ ಕರ್ಪೂರ ಆರಿಸಿದ.

ಅಲ್ಲಿಗೆ ಮುಗಿಯಿತು. ಆಣೆಗೆ ಕರೆದವನು, ಆಣೆಯಾದ ಮೇಲೆ ಆ ಮಾತನ್ನು ಮತ್ತೆ ಎತ್ತಬಾರದು, ಕೈ ಮಾಡಬಾರದು, ಸೇಡು ಅವ್ವನಿಗೆ ಬಿಟ್ಟದ್ದು ಎಂಬುದು ಅಲ್ಲಿಯ ಕಟ್ಟು. ನಮ್ಮ ಭಾವನಂಥ ಮನುಷ್ಯ ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡು, ಬೀಗದಕೈಯನ್ನು ದೇವರ ಕೈಗೆ ಕೊಟ್ಟು ಮನೆಗೆ ಬಂದರು.

ಅವ್ವ ಏನೂ ಮಾಡಲಿಲ್ಲ. ಪಾಲುದಾರ ಬೇರೆ ಗ್ಯಾರೇಜು ತೆರೆದ, ಹೊಳೆಯುವ ಬೋರ್ಡು ಹಾಕಿದ, ಹಳೆಯ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನರನ್ನು ಎಳೆದುಕೊಂಡ. "ಅವರ ಹತ್ತಿರ ಕೊಟ್ಟರೆ ಎಂಜಿನ್ ಸುಡುತ್ತಾರೆ" ಎಂಬ ಮಾತು ಭಾವನ ಹಿಂದೆ ಸುತ್ತುತ್ತಿತ್ತು. ಅವರು ಅದಕ್ಕೆ ಉತ್ತರ ಕೊಡುವಂತಿರಲಿಲ್ಲ. ಪ್ರತಿ ವರ್ಷ ಕಬ್ಬಾಳಿಗೆ ಹೋಗಿ ಗುಡಿಯಲ್ಲಿ ಕೈಮುಗಿಯದೆ ಸುಮ್ಮನೆ ನಿಲ್ಲುತ್ತಿದ್ದರು. ಒಮ್ಮೆ ಜೊತೆಗೆ ಹೋಗಿದ್ದೆ. ಮೆಲ್ಲಗೆ ಮಾತಾಡುತ್ತಿದ್ದೇನೆ ಎಂದುಕೊಂಡು ಇಡೀ ಗುಡಿಗೆ ಕೇಳುವಂತೆ ಅಂದರು, "ಏನವ್ವ, ಇನ್ನೂ ಅವ್ನ ಪಾಳಿ ಬರ್ನಿಲ್ವಾ?" ಪೂಜಾರಿ ತಿರುಗಿ ನೋಡಿದ. ನನಗೆ ನಗುವೂ ಬಂತು, ಸಿಟ್ಟೂ ಬಂತು. ಅವತ್ತಿನಿಂದ ಅವರ ಹಗೆ ನನ್ನದೂ ಆಯಿತು. ಆಣೆಗೆ ಕರೆದವನು ನಾನಲ್ಲವಲ್ಲ.

ಫ್ಯಾಕ್ಟರಿ ಬಿಟ್ಟೆ. ಅವರಿಂದ ಎಲ್ಲ ಕಲಿತೆ. ಕಲಿತೆ ಅನ್ನುವುದಕ್ಕಿಂತ ಮಸೆದುಕೊಂಡೆ ಅಂದರೆ ಸರಿ. ಅಷ್ಟರಲ್ಲಿ ಭಾವನಿಗೆ ಉಸಿರಿನ ತೊಂದರೆ ಶುರುವಾಗಿ ಅವರು ಮಂಚ ಹಿಡಿದಿದ್ದರು. ಗ್ಯಾರೇಜನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಆ ವರ್ಷದ ಓಟಕ್ಕೆ ನಮ್ಮ ಗಿರಾಕಿಯೊಬ್ಬನ ಕಾರು ತೆಗೆದುಕೊಂಡು ಅದೇ ವಿಮಾನಪಟ್ಟಿಗೆ ಹೋದೆ. ಪಾಲುದಾರನೂ ತನ್ನ ಹೊಸ ಕಾರು ತಂದಿದ್ದ, ಸುತ್ತಲೂ ಅವನ ಪಟಾಲಮ್ಮು.

ಅಭ್ಯಾಸದ ಓಟದಲ್ಲಿ ಅವನ ಗಾಡಿ ವೇಗ ಏರುತ್ತಿದ್ದಂತೆ ಮುಗ್ಗರಿಸಿತು. ಅಂಕಿ ಹಾಕಿಕೊಟ್ಟಿದ್ದ ಬೆಂಗಳೂರಿನವನು ಬಂದಿರಲಿಲ್ಲ. ಆ ಕಾರಿನ ಕಂಪ್ಯೂಟರೂ ನಮ್ಮ ಕಾರಿನದೂ ಒಂದೇ ಜಾತಿ. ಸರಿಯಾದ ಕೇಬಲ್ ಇದ್ದದ್ದು ನನ್ನ ಹತ್ತಿರ ಮಾತ್ರ. ಓಟ ನಡೆಸುವವರು ಬಂದು, ಒಂದು ಸಲ ನೋಡಿಕೊಡಿ ಎಂದು ಕೇಳಿಕೊಂಡರು. ಹೋದೆ. ಹೋಗದೆ ಇರುತ್ತೇನೆಯೆ?

ಪಾಲುದಾರ ಕೈಕಟ್ಟಿ ನಿಂತಿದ್ದ. ನಾನು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. "ನೋಡ್ಲಾ, ನಿಮ್ ಭಾವನ್ ತರ ಸುಟ್ಟಾಕ್ಬುಟ್ಟೀಯ" ಅಂದ. ಸುತ್ತ ನಿಂತವರು ನಕ್ಕರು.

ಓಟದ ದಾಖಲೆಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. ಡ್ಯೂಟಿಯ ಗೆರೆ ಏರುತ್ತ ಏರುತ್ತ ಹೋಗಿ, ಮೇಲೆ ನೂರರಲ್ಲಿ ಹಲಗೆಯ ಹಾಗೆ ಚಪ್ಪಟೆಯಾಗಿ ಮಲಗಿತ್ತು. ಗಾಳಿಯ ಗೆರೆ ಮಾತ್ರ ಇನ್ನೂ ಏರುತ್ತಲೇ ಇತ್ತು. ಮತ್ತೆ ಅದೇ ಕೆಲಸ ಮಾಡಿದ್ದ. ನಾನು ಏನೂ ಮಾಡಬೇಕಾಗಿರಲಿಲ್ಲ. "ಎಲ್ಲ ಸರಿಯಾಗಿದೆ" ಎಂದು ಲ್ಯಾಪ್‌ಟಾಪ್ ಮುಚ್ಚಿದ್ದರೆ ಸಾಕಿತ್ತು.

ಆದರೂ ಆ ಸುಖ ಒಬ್ಬನೇ ಅನುಭವಿಸುವಂಥದ್ದಲ್ಲ. ಅಲ್ಲೇ ನಿಂತು ಭಾವನಿಗೆ ಫೋನ್ ಮಾಡಿದೆ.

"ಭಾವ, ನೂರು ತೋರ್ಸ್ತೈತೆ."

"ಏನು?"

"ನೂರು ಭಾವ. ಡ್ಯೂಟಿ ನೂರು." ಕೂಗಬೇಕಾಯಿತು. ಅಕ್ಕಪಕ್ಕದವರು ತಿರುಗಿದರು.

"ಯಾರ್ ಗಾಡಿ?"

"ಅವನ್ದೇ."

ನಾನು ಪಕ್ಕಕ್ಕೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು, "ಸುಮ್ಕಿದ್ಬುಡ್ಲಾ ಭಾವ?" ಅಂದೆ.

"ಏನು? ಜೋರಾಗಿ ಏಳ್ಲಾ, ಕೇಳ್ಸಕಿಲ್ಲ."

ಆ ಮಾತನ್ನು ಜೋರಾಗಿ ಹೇಳುವುದು ಹೇಗೆ? ಸುತ್ತ ಜನ. ಮೆಲ್ಲಗೆ ಮಾತ್ರ ಆಡಬಹುದಾದ ಮಾತುಗಳು ನಮ್ಮ ಭಾವನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಅವರೇ ಅಂದರು. "ಗಾಳಿ ಇಳ್ಸು ಅನ್ನು ಅವ್ನಿಗೆ. ಇಳ್ಸ್ದಿದ್ರೆ ಪಿಸ್ಟನ್ ಕರಗ್ತೈತೆ ಅನ್ನು. ನಂಗೆ ಕೂಗ್ದಂಗೇ ಕೂಗು, ಎಲ್ರಿಗೂ ಕೇಳ್ಲಿ."

"ಏಳ್ಬೇಕಾ ಭಾವ?"

"ಏಳು." ಕೆಮ್ಮೋ ನಗುವೋ ತಿಳಿಯದ ಸದ್ದಿನ ಜೊತೆ ಸೇರಿಸಿದರು, "ನಂಬಕಿಲ್ಲ ಅವ್ನು."

ಕೂಗಿ ಹೇಳಿದೆ. ಇಂಜೆಕ್ಟರ್ ಪೂರ್ತಿ ತೆರೆದೇ ನಿಂತಿದೆ, ಇನ್ನು ಪೆಟ್ರೋಲ್ ಬರುವುದಿಲ್ಲ, ಗಾಳಿ ಇಳಿಸದೆ ಓಡಿಸಿದರೆ ಪಿಸ್ಟನ್ ಕರಗುತ್ತದೆ. ಲ್ಯಾಪ್‌ಟಾಪ್ ತಿರುಗಿಸಿ ಆ ಚಪ್ಪಟೆ ಗೆರೆಯನ್ನು ಎಲ್ಲರಿಗೂ ತೋರಿಸಿದೆ. ಪಾಲುದಾರ ಗೆರೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದ. ಆಮೇಲೆ ತನ್ನವರ ಕಡೆ ತಿರುಗಿ, "ಭಾವ ಬಾಮೈದ ಸೇರ್ಕಂಡು ನನ್ ಗಾಡಿ ನಿಧಾನ ಮಾಡಕ್ ನೋಡ್ತಾವ್ರೆ" ಅಂದು, ನನಗೆ "ಕ್ಯಾಮೆ ನೋಡ್ಕ ಓಗ್ಲಾ" ಅಂದ.

ಸುಳ್ಳು ಹೇಳಿ ಗೆದ್ದವನಿಗೆ ಎದುರಿಗಿರುವವನೂ ಸುಳ್ಳನಾಗಿಯೇ ಕಾಣುತ್ತಾನೆ. ಭಾವ ಅದನ್ನು ಮಂಚದ ಮೇಲಿಂದಲೇ ಕಂಡಿದ್ದರು.

ಅವನ ಗಾಡಿ ಹೊರಟಿತು. ಪಟ್ಟಿಯ ಮುಕ್ಕಾಲು ದಾರಿ ಚೆನ್ನಾಗಿಯೇ ಹೋಯಿತು. ಆಮೇಲೆ ಸದ್ದು ಒಡೆಯಿತು, ಹಿಂದಿನಿಂದ ನೀಲಿ ಹೊಗೆ ಎದ್ದಿತು, ಗಾಡಿ ತೆವಳಿಕೊಂಡು ಹೋಗಿ ನಿಂತಿತು. ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಡುವುದಿಲ್ಲ. ಅಷ್ಟು ಸಂತೋಷ ಆಮೇಲೆ ನನ್ನ ಮದುವೆಯಲ್ಲೂ ಆಗಲಿಲ್ಲ. ಹಳೆಯ ಗಿರಾಕಿಯೊಬ್ಬ, ಮೊದಲ ಸಲವೂ ಅಲ್ಲಿದ್ದವನು, ನನ್ನ ಪಕ್ಕದಲ್ಲಿ ನಿಂತು ತನ್ನಷ್ಟಕ್ಕೆ, "ಅವತ್ತೂ ಇಂಗೇ ಅಲ್ವಾ ಆಗಿದ್ದು" ಅಂದ. ಇನ್ನೊಬ್ಬ, "ಊ ಕಣಪ್ಪ, ಅವತ್ತೂ ಗಾಡಿ ಇವನ ಕೈಲೇ ಇತ್ತು" ಅಂದ. ಆ ಮಾತು ಒಬ್ಬರಿಂದ ಒಬ್ಬರಿಗೆ ದಾಟುವುದನ್ನು ನಾನು ನಿಂತು ನೋಡಿದೆ.

ಅವರು ಅಲ್ಲೇ ಎಂಜಿನ್ ಬಿಚ್ಚುವವರೆಗೂ ಕಾದು, ಸಿಹಿ ಕಟ್ಟಿಸಿಕೊಂಡು ಮನೆಗೆ ಓಡಿದೆ. ಭಾವ ದಿಂಬಿಗೊರಗಿ ಕಾಯುತ್ತಿದ್ದರು.

"ಎಷ್ಟನೇ ಪಿಸ್ಟನ್ನು?"

"ಬಿಚ್ಚಿದಾಗ ನೋಡ್ದೆ. ಮೂರನೇದು."

"ನಮ್ದೂ ಮೂರೇ." ಕಣ್ಣು ಮುಚ್ಚಿ ತೆರೆದರು. "ಬಾಯ್ ಬುಟ್ನಾ?"

"ಏನು ಭಾವ?"

"ಅವತ್ತು ತಿರುಗ್ಸಿದ್ದು ನಾನೇ ಅಂತ ಬಾಯ್ ಬುಟ್ನಾ?"

"ಇಲ್ಲ."

ಭಾವ ಗೋಡೆಯ ಕಡೆ ಮಗ್ಗುಲಾದರು. "ಅಂಗಾರೆ ಏನೂ ಆಗಿಲ್ಲ ಬುಡು" ಅಂದರು. ಸಿಹಿ ಮುಟ್ಟಲಿಲ್ಲ. ಅವರಿಗೆ ಬೇಕಿದ್ದದ್ದು ಅವನ ಎಂಜಿನ್ನಲ್ಲ, ಅವನ ಬಾಯಿಂದ ಬರುವ ಒಂದು ಮಾತು. ನನಗದು ಅವತ್ತು ತಿಳಿಯಿತು.

ಆಮೇಲೆ ಗ್ಯಾರೇಜಿಗೆ ಗಿರಾಕಿಗಳು ವಾಪಸು ಬಂದರು. ಭಾವ ಕಿಟಕಿಯಿಂದ ನೋಡುತ್ತಿದ್ದರು. ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಕಾಫಿ ಹಿಡಿದು ಹೋಗಿ ಕೂಗಿದಳು, ದಿನವೂ ಕೂಗುವ ಹಾಗೆಯೇ. ಅವರು ಏಳಲಿಲ್ಲ.

ಗ್ಯಾರೇಜಿನ ಮುಂದಿನ ಅಂಗಳದಲ್ಲಿ ಮಲಗಿಸಿದ್ದೆವು. ಕಲ್ಯದಿಂದ ನೆಂಟರು ಬಂದಿದ್ದರು, ಪಂಕ್ತಿಯಲ್ಲಿ ಜಾಗ ಬಿಡದಿದ್ದ ದೊಡ್ಡಪ್ಪನ ಮಗನೂ ಬಂದಿದ್ದ. ತಮಟೆ ಬಡಿಯುತ್ತಿತ್ತು. ಆಗ ಪಾಲುದಾರ ಬಂದ. ಕೈಯಲ್ಲಿ ದೊಡ್ಡ ಸೇವಂತಿಗೆ ಹಾರ. ಗಾಡಿ ಸುಟ್ಟಮೇಲೆ ಅವನ ವ್ಯಾಪಾರ ಇಳಿದಿತ್ತು, ಕಬ್ಬಾಳಮ್ಮನ ಹೆಸರೆತ್ತಿದರೆ ಬೆಚ್ಚುತ್ತಾನೆಂದು ಜನ ಆಡಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೊರಳಪಟ್ಟಿ ಹಿಡಿದು ಆಚೆ ದಬ್ಬಬೇಕೆಂದು ಎದ್ದೆ. ಅಕ್ಕ ನನ್ನ ಕೈ ಹಿಡಿದಳು.

"ಬರ್ಲಿ ಬುಡು."

ಅವನು ಹಾರ ಹಾಕಲು ಬಗ್ಗಿದ. ಅಕ್ಕ ಎದ್ದು ನಿಂತಳು. ಅತ್ತು ಅತ್ತು ಮುಖ ಊದಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಅಣ್ಣ, ಹಾರ ಆಮ್ಯಾಕೆ ಹಾಕೀರಂತೆ. ಆ ನಟ್ಟು ತಿರುಗ್ಸಿದ್ದು ಯಾರು ಅಂತ ಅವ್ರಿಗೆ ಒಂದ್ ಮಾತು ಏಳ್ಬುಟ್ಟು ಹಾಕಿ."

ಹಿರಿಯರೊಬ್ಬರು ಗದರಿದರು. "ಆಣೆ ಆಗೈತಲ್ಲವ್ವ. ಆ ಮಾತು ಎತ್ತಬಾರ್ದು."

"ಆಣೆಗೆ ಕರ್ದೋರು ಅವ್ರು, ಆರ್ಸ್ದೋರು ಇವ್ರು. ಕರ್ದೋರು ಓದ್ರು. ನಾನ್ಯಾರ್ನೂ ಕರ್ದಿರ್ನಿಲ್ಲ. ಕೇಳ್ತೀನಿ."

ತಮಟೆಯವರಿಗೆ ನಿಲ್ಲಿಸುವಂತೆ ನಾನೇ ಕೈ ತೋರಿಸಿದೆ. ಪಾಲುದಾರ ಹಾರ ಹಿಡಿದೇ ಸುತ್ತ ನೋಡಿದ, ಭಾವನ ಪಕ್ಕ ಕುಕ್ಕರಗಾಲಲ್ಲಿ ಕೂತ, ಕಿವಿಯ ಹತ್ತಿರ ಬಗ್ಗಿ ತುಟಿಯಲ್ಲೇ ಏನೋ ಅಂದ.

ಅಕ್ಕ ಅಂದಳು, "ಅದು ಎಡಗಿವಿ. ಅದ್ರಲ್ಲಿ ಅವ್ರಿಗೆ ಕೇಳ್ಸಕಿಲ್ಲ. ಜೋರಾಗಿ ಏಳಿ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಅವಳು ಕದಲಲಿಲ್ಲ. ಆಗ ಎದ್ದು ನಿಂತು, ಕಣ್ಣು ಮುಚ್ಚಿ, ಬದುಕಿದ್ದಾಗ ನಾವೆಲ್ಲ ಭಾವನ ಹತ್ತಿರ ಕೂಗುತ್ತಿದ್ದಷ್ಟೇ ಜೋರಾಗಿ ಕೂಗಿದ. "ನಾನೇ ತಿರುಗ್ಸಿದ್ದು. ನಟ್ಟು ತಿರುಗ್ಸಿದ್ದು ನಾನೇ."

ರಸ್ತೆಯಾಚೆ, ಸರ್ಕಲ್ಲಿನ ಆ ಟೀ ಅಂಗಡಿಯವರೆಗೂ ಅದು ಕೇಳಿಸಿತು.

ಇವತ್ತು ನಾನು ಯಾವ ಕಾರಿಗೆ ಅಂಕಿ ಹಾಕಿದರೂ ಎಂಬತ್ತೈದಕ್ಕೆ ಕೈ ನಿಲ್ಲುತ್ತದೆ. ಅದು ಅವರು ಕೊಟ್ಟ ವಿದ್ಯೆ, ಅದರ ಋಣ ತೀರುವಂಥದ್ದಲ್ಲ. ಹಗೆಯನ್ನೂ ಅವರೇ ಕೊಟ್ಟರು, ಅದನ್ನು ತೀರಿಸಿದ್ದು ಮಾತ್ರ ನಾನಲ್ಲ. ಅವತ್ತು ಅಕ್ಕ ಅವನ ಕೈಯಿಂದ ಹಾರ ಇಸಿದುಕೊಂಡಳು. ಅದನ್ನು ಗಂಡನಿಗೆ ಹಾಕಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಗ್ಯಾರೇಜಿನ ಒಳಗೆ ಹೋಗಿ, ದೇವರ ಪಟವನ್ನು ದಾಟಿ, ಪಕ್ಕದ ಪಿಸ್ಟನ್ನಿಗೆ ಹಾಕಿ ಬಂದಳು.